ಅಮ್ಮನ ಊದುಗೊಳವೆ

ಊರಲ್ಲಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಈಗಲೂ ಒಂದು ಊದುಗೊಳವೆ ಇದೆ. ಕಬ್ಬಿಣದ್ದು, ಮೊಳಕ್ಕಿಂತ ಸ್ವಲ್ಪ ಉದ್ದ. ಬಾಯಿ ಇಡುವ ತುದಿ ಸವೆದು ನುಣ್ಣಗಾಗಿದೆ, ಬೆಂಕಿಯ ಕಡೆಯ ತುದಿ ಸುಟ್ಟು ಕಪ್ಪಾಗಿದೆ. ಅಮ್ಮ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಅಜ್ಜಿ ಅವಳ ಕೈಗೆ ಒಲೆ ಒಪ್ಪಿಸಿದ ದಿನ ಈ ಕೊಳವೆಯೂ ಅವಳದಾಯಿತು. ಆಮೇಲೆ ಮೂವತ್ತು ವರ್ಷ ಅವಳ ಉಸಿರು ಅದರೊಳಗೆ ಹೋಯಿತು, ಒಲೆಯ ಹೊಗೆ ಅವಳೊಳಗೆ ಬಂತು.

ಮಲೆನಾಡಿನ ನಮ್ಮ ಸಾಗರ ತಾಲ್ಲೂಕಿನ ಕಡೆಯ ಮಳೆ ನೋಡಿದವರಿಗೆ ಹಸಿ ಸೌದೆಯ ಕಷ್ಟ ಹೇಳಬೇಕಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಕೊಟ್ಟಿಗೆಯಲ್ಲಿಟ್ಟ ಸೌದೆಯೂ ಥಂಡಿ ಹಿಡಿದಿರುತ್ತದೆ. ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಬೆಳಗ್ಗೆ ನಾಲ್ಕೂವರೆಗೆ ಬಚ್ಚಲ ಒಲೆ, ಐದಕ್ಕೆ ಕಾಫಿಗೆ, ಆಮೇಲೆ ತಿಂಡಿ, ದನಕ್ಕೆ ಬೇಯಿಸುವುದು, ಊಟಕ್ಕೆ, ಸಂಜೆ ಮತ್ತೆ ಬಚ್ಚಲು. ಅಡಿಕೆ ಸುಗ್ಗಿ ಬಂತೆಂದರೆ ಅಂಗಳದ ದೊಡ್ಡ ಒಲೆಯ ಮೇಲೆ ಹಂಡೆ, ಅದರಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತ ಇರುತ್ತಿತ್ತು, ರಾತ್ರಿ ಹನ್ನೊಂದಾದರೂ ಅಮ್ಮ ಅಲ್ಲೇ. ಅಡುಗೆಮನೆಯ ಜಂತಿಗೆ ಇಲ್ಲಣ ಕಟ್ಟಿ ಜೋತಾಡುತ್ತಿತ್ತು. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಪೊರಕೆಗೆ ಉದ್ದನೆ ಕೋಲು ಕಟ್ಟಿ ಅದನ್ನು ಕೆಡವುತ್ತಿದ್ದೆವು. ಜಂತಿಯ ಮಸಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದೇ ಮಸಿ ಅವಳ ಎದೆಯಲ್ಲೂ ಕೂತಿರಬಹುದು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಅವಳಿಗೆ ಐವತ್ತೈದು ದಾಟುವಾಗ ತೋಟದಿಂದ ಮನೆಗೆ ಬರುವ ಏರಿನಲ್ಲಿ ಒಮ್ಮೆ ನಿಲ್ಲತೊಡಗಿದಳು. ನಿಂತು ಮೆಣಸಿನ ಬಳ್ಳಿ ನೋಡುವಳು. ಮುಂದಿನ ವರ್ಷ ಎರಡು ಸಲ ನಿಂತಳು. ಬಳ್ಳಿ ನೋಡುವುದು ನೆಪ, ಉಸಿರು ಸಾಕಾಗುತ್ತಿಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬೆಳಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ಕೇಳಿದರೆ "ಥಂಡಿ" ಅನ್ನುವಳು. ನಾವು "ವಯಸ್ಸಾಯ್ತಲ್ಲ" ಅನ್ನುತ್ತಿದ್ದೆವು. ಅಪ್ಪ ಅವಳಿಗಿಂತ ಆರು ವರ್ಷ ದೊಡ್ಡವರು, ಅದೇ ಏರನ್ನು ಅಡಿಕೆಗೊನೆ ಹೊತ್ತು ಹತ್ತುತ್ತಿದ್ದರು. ಅದು ಕಣ್ಣೆದುರೇ ಇದ್ದರೂ ನಮಗೆ ಕಾಣಲಿಲ್ಲ.

ಡಾಕ್ಟರ್ ಹತ್ತಿರ ಹೋಗಲಿಲ್ಲ ಅಂತಲ್ಲ. ಹೋದೆವು. ಕೆಮ್ಮಿನ ಸಿರಪ್, ಆಂಟಿಬಯೋಟಿಕ್, ಅಲರ್ಜಿ ಮಾತ್ರೆ. ಒಮ್ಮೆ ಕ್ಷಯ ಇರಬಹುದು ಅಂತ ಕಫ ಪರೀಕ್ಷೆ ಆಯಿತು, ಇರಲಿಲ್ಲ. ಎಕ್ಸ್‌ರೇ ತೆಗೆದರು, "ಅಂಥದ್ದೇನಿಲ್ಲ" ಅಂದರು. ತೀರಾ ಜೋರಾದಾಗ ಒಂದು ಇಂಜೆಕ್ಷನ್, ಎರಡು ದಿನ ಆರಾಮ. ಹೀಗೇ ಏಳು ವರ್ಷ ಕಳೆಯಿತು. ಆ ಏಳು ವರ್ಷದಲ್ಲಿ ಯಾರೊಬ್ಬರೂ ಅವಳನ್ನು ಒಂದು ಕೊಳವೆಯೊಳಗೆ ಜೋರಾಗಿ ಊದಿ ಅನ್ನಲಿಲ್ಲ. ಜೀವನಪೂರ್ತಿ ಊದಿದವಳಿಗೆ ಅದೊಂದನ್ನು ಯಾರೂ ಹೇಳಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ.

ಆ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಜಾನ್ ಹಚಿನ್ಸನ್ ಎಂಬ ವೈದ್ಯ ತನ್ನ ಉಸಿರಳತೆಯ ಯಂತ್ರದ ಬಗ್ಗೆ ಬರೆದಿದ್ದು 1846ರಲ್ಲಿ. ಈಗ ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಕೊನೆಗೆ ಶಿವಮೊಗ್ಗದಲ್ಲಿ ಶ್ವಾಸಕೋಶದ ವೈದ್ಯೆಯೊಬ್ಬರ ಕ್ಲಿನಿಕ್ಕಿನಲ್ಲಿ ಅಮ್ಮನ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟರು. "ಪೂರ್ತಿ ಎಳೆದುಕೊಳ್ಳಿ, ಈಗ ಊದಿ ಊದಿ ಊದಿ, ನಿಲ್ಲಿಸಬೇಡಿ, ಇನ್ನೂ, ಇನ್ನೂ!" ಅಂತ ಟೆಕ್ನಿಷಿಯನ್ ಹುಡುಗಿ ಕೂಗುತ್ತಿದ್ದಳು. ಅಮ್ಮನ ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಗೆರೆ ಏರಬೇಕಾದಷ್ಟು ಏರಲಿಲ್ಲ, ಏರಿದ್ದೂ ಜೋಳಿಗೆಯ ಹಾಗೆ ಒಳಕ್ಕೆ ಕುಸಿಯಿತು. ಆಮೇಲೆ ಇನ್ಹೇಲರ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು.

ಲೆಕ್ಕ ಸರಳ. ಪೂರ್ತಿ ಊದಿದಾಗ ಹೊರಬರುವ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಪಾಲು ಬಂತು? ಔಷಧಿ ಕೊಟ್ಟ ಮೇಲೂ ಆ ಪಾಲು 0.7ಕ್ಕಿಂತ ಕಡಿಮೆ ಇದ್ದು, ಲಕ್ಷಣಗಳೂ ಹೊಂದಿಕೆಯಾದರೆ ಅದನ್ನು ಸಿಒಪಿಡಿ, ಅಂದರೆ ಗಾಳಿಕೊಳವೆಗಳು ಕಾಯಂ ಕಿರಿದಾಗುವ ಶ್ವಾಸಕೋಶದ ಕಾಯಿಲೆ, ಅನ್ನುತ್ತಾರೆ. ಅಮ್ಮನದು 0.56. ಮೊದಲ ಸೆಕೆಂಡಿನ ಗಾಳಿ ಅವಳ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದ ಅಳತೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಯಾರಿಗೂ ಗೊತ್ತಾಗದ ಹಾಗೆ ಹತ್ತಿರ ಹತ್ತಿರ ಅರ್ಧ ಹೋಗಿಬಿಟ್ಟಿತ್ತು.

ಈ ಕಾಯಿಲೆಯಲ್ಲಿ ಏನಾಗುತ್ತದೆ ಅಂತ ಆ ವೈದ್ಯೆ ಕಾಗದದ ಮೇಲೆ ಬರೆದು ತೋರಿಸಿದರು. ಗಾಳಿ ಹೋಗುವ ಸಣ್ಣ ಸಣ್ಣ ಕೊಳವೆಗಳು ಒಳಗೇ ಊದಿಕೊಂಡು, ಕಫ ತುಂಬಿ ಕಿರಿದಾಗುತ್ತವೆ. ಅವುಗಳ ತುದಿಯ ಗಾಳಿಗುಳ್ಳೆಗಳ ಗೋಡೆ ಒಡೆದು ಸಣ್ಣವೆಲ್ಲ ಸೇರಿ ದೊಡ್ಡ ದೊಡ್ಡ ಚೀಲವಾಗುತ್ತವೆ. ಹೊಸ ಬಲೂನು ಬಾಯಿ ಬಿಟ್ಟ ಕೂಡಲೇ ಚುಂಯ್ ಅಂತ ಕುಗ್ಗುತ್ತದೆ, ಹಳೇ ಬಲೂನು ಜೋಲಾಗಿ ಹಾಗೇ ಇರುತ್ತದೆ, ಅಲ್ವಾ? ಹಾಗೆ. ನಾವೆಲ್ಲ ಇದನ್ನು ಉಸಿರು ಎಳೆದುಕೊಳ್ಳಲು ಆಗದ ಕಾಯಿಲೆ ಅಂದುಕೊಂಡಿದ್ದೇವೆ. ನಿಜವಾದ ತೊಂದರೆ ಬಿಡಲು ಆಗದಿರುವುದು. ಹಳೇ ಗಾಳಿ ಒಳಗೇ ಉಳಿದಿರುವಾಗ ಹೊಸದಕ್ಕೆ ಜಾಗ ಎಲ್ಲಿ? ನಡೆದರೆ ಉಸಿರಾಟ ಜೋರಾಗುತ್ತದೆ, ಬಿಡಲು ಸಿಗುವ ಸಮಯ ಇನ್ನೂ ಕಡಿಮೆ, ಎದೆ ಇನ್ನೂ ಉಬ್ಬುತ್ತದೆ. ಅದಕ್ಕೇ ಏರಿನಲ್ಲಿ ನಿಲ್ಲುವುದು. ನಮ್ಮ ಹಿರಿಯರು ಗೂರಲು, ಉಬ್ಬಸ, ದಮ್ಮು ಅಂತ ಏನೇನೋ ಹೆಸರಲ್ಲಿ ಕರೆದದ್ದರಲ್ಲಿ ಅಸ್ತಮಾ ಎಷ್ಟಿತ್ತೋ ಇದೂ ಅಷ್ಟೇ ಇದ್ದಿರಬೇಕು. ಅಸ್ತಮಾದಲ್ಲಿ ಕೊಳವೆ ಬಿಗಿದು ಮತ್ತೆ ಸಡಿಲವಾಗುತ್ತದೆ. ಇದರಲ್ಲಿ ಪೂರ್ತಿ ಸಡಿಲವಾಗುವುದಿಲ್ಲ.

"ಬೀಡಿ ಸಿಗರೇಟು ಯಾರಾದ್ರೂ ಸೇದ್ತಾರಾ ಮನೇಲಿ?" ಅಂತ ವೈದ್ಯೆ ಕೇಳಿದರು. ಯಾರೂ ಇಲ್ಲ ಅಂದೆ. ಅವರು ಅಮ್ಮನ ಕಡೆ ತಿರುಗಿ, "ಸೌದೆ ಒಲೆ ದಿನಕ್ಕೆ ಎಷ್ಟು ಗಂಟೆ? ಎಷ್ಟು ವರ್ಷ?" ಅಂದರು. ಇಷ್ಟು ವರ್ಷಗಳಲ್ಲಿ ಒಲೆಯ ಬಗ್ಗೆ ಕೇಳಿದ ಮೊದಲ ಡಾಕ್ಟರ್ ಅವರು. ಅಮ್ಮ ಲೆಕ್ಕ ಹಾಕಿದಳು. ದಿನಕ್ಕೆ ಏನಿಲ್ಲವೆಂದರೂ ಐದು ಗಂಟೆ, ಗ್ಯಾಸ್ ಬರುವ ತನಕ ಮೂವತ್ತು ವರ್ಷ. ವೈದ್ಯೆ ಗುಣಿಸಿ 150 ಅಂತ ಬರೆದರು, ಅದರ ಸುತ್ತ ಒಂದು ಗೆರೆ ಎಳೆದರು.

ಆ ಗುಣಾಕಾರ ಅವರ ಸ್ವಂತದ್ದಲ್ಲ. ನಮ್ಮದೇ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ, ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಅವರ ಜೊತೆಯವರು ಹೆಂಗಸರನ್ನು ಕೇಳಿ ಕೇಳಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಲೆಯ ಮುಂದೆ ದಿನಕ್ಕೆ ಕೂರುವ ಗಂಟೆಯನ್ನು ವರ್ಷಗಳಿಂದ ಗುಣಿಸಿದರೆ ಬರುವ ಅಂಕಿ 60 ಮುಟ್ಟಿದರೆ ವರ್ಷಗಟ್ಟಲೆ ಕೆಮ್ಮು ಕಫ ಬಿಡದ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ ಅಂತ ಅವರು ತೋರಿಸಿದರು. 60 ಅಂದರೆ ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ನಮ್ಮ ಅಮ್ಮಂದಿರು, ಅತ್ತೆಯಂದಿರು ಯಾರು ಅದನ್ನು ದಾಟಿಲ್ಲ ಹೇಳಿ? ಅಮ್ಮ ತನ್ನ ಮೂವತ್ತೊಂದನೇ ವಯಸ್ಸಿಗೇ ದಾಟಿದ್ದಳು. ಆಗ ನನಗಿನ್ನೂ ಶಾಲೆ ಶುರುವಾಗಿರಲಿಲ್ಲ. ಅದೇ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂರುತ್ತಿದ್ದೆ.

ಭಾರತದಲ್ಲಿ 2016ರಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು ಅಂತ ಒಂದು ದೊಡ್ಡ ಅಂದಾಜು ಹೇಳುತ್ತದೆ. ಸಿಗರೇಟು ಪ್ಯಾಕಿನ ಮೇಲಿನ ಚಿತ್ರ ನೋಡಿ ನೋಡಿ ನಮ್ಮ ತಲೆಯಲ್ಲಿ ಇದು ಗಂಡಸರ ಕಾಯಿಲೆ, ಸೇದುವವರ ಕಾಯಿಲೆ ಅಂತ ಕೂತುಬಿಟ್ಟಿದೆ. ಸೇದುವುದು ಬಹಳ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ, ಸೇದುವವರಿಗೆ ಬಿಡುವುದಕ್ಕಿಂತ ದೊಡ್ಡ ಔಷಧಿಯೂ ಇಲ್ಲ. ಆದರೆ ಸೇದದ ಹೆಂಗಸಿಗೆ ಈ ಕಾಯಿಲೆ ಬಂದಾಗ ಅದನ್ನು ಯಾರೂ ಹುಡುಕುವುದೇ ಇಲ್ಲ.

ಔಷಧಿಯ ವಿಷಯಕ್ಕೆ ಬರುತ್ತೇನೆ. ಇನ್ಹೇಲರ್ ಅಂದ ಕೂಡಲೇ ಮನೆಯಲ್ಲಿ ದೊಡ್ಡ ಗಲಾಟೆ. "ಅದು ಕೊನೇ ಔಷಧಿ, ಅದಕ್ಕೆ ಅಭ್ಯಾಸ ಆಗಿಬಿಡುತ್ತೆ, ಮಾತ್ರೇನೇ ಕೊಡಿ" ಅಂತ ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ. ವೈದ್ಯೆ ಒಂದೇ ಲೆಕ್ಕದಲ್ಲಿ ಅಮ್ಮನನ್ನು ಒಪ್ಪಿಸಿದರು. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ ಅಂದರೆ ನಲವತ್ತು ಪಫ್. ಮಾತ್ರೆ ಹೊಟ್ಟೆ, ರಕ್ತ, ಹೃದಯ ಎಲ್ಲ ಸುತ್ತಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ, ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುವ ಹಾಗೆ ಮಾಡುತ್ತದೆ. ಇನ್ಹೇಲರ್ ಎಲ್ಲಿ ಬೇಕೋ ಅಲ್ಲಿಗೇ ಚಿಟಿಕೆಯಷ್ಟು ಹೋಗುತ್ತದೆ. ಇದನ್ನು ಕೇಳಿ ಅಮ್ಮ, "ಗದ್ದೆಗೆಲ್ಲ ನೀರು ಬಿಡೋ ಬದಲು ಬುಡಕ್ಕೆ ಹಾಕಿದ ಹಾಗೆ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಅವಳಿಗೆ ಕೊಟ್ಟದ್ದು ದಿನಕ್ಕೊಮ್ಮೆ ತೆಗೆದುಕೊಳ್ಳುವ, ಇಡೀ ದಿನ ಕೊಳವೆಗಳನ್ನು ತೆರೆದಿಡುವ ಎರಡು ಔಷಧಿಗಳ ಜೋಡಿ. ಅದರಲ್ಲಿ ಒಂದು ಜಾತಿಯ ಮೊದಲಿನದು ಟಿಯೋಟ್ರೋಪಿಯಂ. ಅದು ಬಂದದ್ದು ಈ ಶತಮಾನದ ಶುರುವಿನಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಅದಕ್ಕಿಂತ ಮುಂಚೆ ಆ ಜಾತಿಯ ಔಷಧಿಯನ್ನು ದಿನಕ್ಕೆ ನಾಲ್ಕು ಸಲ ಎಳೆಯಬೇಕಿತ್ತು. ನಾಲ್ಕು ಸಲ ಯಾವ ರೈತ ಹೆಂಗಸು ಎಳೆಯುತ್ತಾಳೆ? ದಿನಕ್ಕೊಂದು ಸಲ ಅನ್ನುವುದು ಕೇಳಲು ಸಣ್ಣ ವಿಷಯ, ನನ್ನ ಕಣ್ಣಿಗೆ ಈ ಕಾಯಿಲೆಯಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಅದೂ ಒಂದು. ಇದರ ಜೊತೆ ಸ್ಟೀರಾಯ್ಡ್ ಸೇರಿಸಿ ಮೂರನ್ನೂ ಒಂದೇ ಇನ್ಹೇಲರಿನಲ್ಲಿ ಕೊಡುವ ಪದ್ಧತಿ ಆಮೇಲೆ ಬಂತು. 2018ರ ಇಂಪ್ಯಾಕ್ಟ್ ಎಂಬ ಪ್ರಯೋಗದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಪದೇ ಪದೇ ಕಾಯಿಲೆ ಉಲ್ಬಣವಾಗುವವರಿಗೆ ಎರಡಕ್ಕಿಂತ ಮೂರು ಔಷಧಿ ಮೇಲು ಅಂತ ಅದು ತೋರಿಸಿತು. ಆದರೆ ಎಲ್ಲರಿಗೂ ಅಲ್ಲ. ಸ್ಟೀರಾಯ್ಡ್‌ನಿಂದ ನ್ಯುಮೋನಿಯಾದ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕೇ ಈಗ ರಕ್ತದಲ್ಲಿ ಇಸಿನೋಫಿಲ್ ಎಂಬ ಬಿಳಿಕಣ ಒಂದು ಮೈಕ್ರೋಲೀಟರಿಗೆ ಎಷ್ಟಿದೆ ನೋಡುತ್ತಾರೆ. 300 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಸ್ಟೀರಾಯ್ಡ್ ಹೆಚ್ಚು ಉಪಕಾರ ಮಾಡುತ್ತದೆ, 100ಕ್ಕಿಂತ ಕಡಿಮೆ ಇದ್ದರೆ ಅಷ್ಟಿಲ್ಲ. ಯಾವ ಊರ ಲ್ಯಾಬಿನಲ್ಲೂ ಆಗುವ ಸಾಧಾರಣ ರಕ್ತ ಪರೀಕ್ಷೆ ಅದು. ಅಮ್ಮನದು 110. ಸದ್ಯಕ್ಕೆ ಜೋಡಿ ಸಾಕು ಅಂದರು.

ಆದರೆ ಔಷಧಿ ಬರೆದುಕೊಟ್ಟರೆ ಆಗಲಿಲ್ಲ. ಮೊದಲ ತಿಂಗಳು ಅಮ್ಮ ಇನ್ಹೇಲರನ್ನು ಒತ್ತಿ ಆಮೇಲೆ ಎಳೆಯುತ್ತಿದ್ದಳು, ಔಷಧಿಯೆಲ್ಲ ನಾಲಿಗೆಗೆ. ನಮ್ಮ ಊರಲ್ಲೇ ಒಬ್ಬರು ಪುಡಿ ತುಂಬಿದ ಕ್ಯಾಪ್ಸೂಲನ್ನು ಯಂತ್ರಕ್ಕೆ ಹಾಕದೆ ಆರು ತಿಂಗಳು ನೀರಿನ ಜೊತೆ ನುಂಗಿದ್ದಾರೆ. ಅವರ ತಪ್ಪಲ್ಲ, ಯಾರೂ ತೋರಿಸಿಕೊಟ್ಟಿರಲಿಲ್ಲ. ಸ್ಪ್ರೇ ಇನ್ಹೇಲರ್ ಆದರೆ ನಿಧಾನವಾಗಿ, ಉದ್ದಕ್ಕೆ ಎಳೆಯಬೇಕು. ಪುಡಿಯದ್ದಾದರೆ ಜೋರಾಗಿ, ಒಮ್ಮೆಲೇ. ಎರಡೂ ಉಲ್ಟಾ! ಎಳೆದ ಮೇಲೆ ಹತ್ತು ಎಣಿಸುವ ತನಕ ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಬೇಕು. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿದರೆ ಕೈಗೂ ಉಸಿರಿಗೂ ತಾಳ ಕೂಡಿಸುವ ಕಷ್ಟವೇ ಇಲ್ಲ. ನಿಮ್ಮ ಮನೆಯಲ್ಲಿ ಇನ್ಹೇಲರ್ ಬಳಸುವವರು ಇದ್ದರೆ ಇವತ್ತು ಅವರ ಎದುರು ಕೂತು ಒಮ್ಮೆ ಎಳೆದು ತೋರಿಸಿ ಅನ್ನಿ. ಸುಮ್ನೆ ನೋಡಿ. ನಾನು ಅದನ್ನು ಒಂದು ತಿಂಗಳು ತಡವಾಗಿ ಮಾಡಿದೆ.

ಇನ್ನು ನನಗೆ ಅತಿ ಹೆಚ್ಚು ಆಶ್ಚರ್ಯ ಕೊಟ್ಟ ಚಿಕಿತ್ಸೆಯ ಬಗ್ಗೆ. ಅದರಲ್ಲಿ ಔಷಧಿಯೇ ಇಲ್ಲ. ಪಲ್ಮನರಿ ರಿಹ್ಯಾಬಿಲಿಟೇಷನ್ ಅನ್ನುತ್ತಾರೆ, ನಾವು ಉಸಿರಿನ ಕಸರತ್ತು ಅನ್ನೋಣ, ಆದರೆ ಬರೀ ಉಸಿರಿನದ್ದಲ್ಲ. ಏದುಸಿರು ಬರುತ್ತದೆ ಅಂತ ನಡೆಯುವುದು ಬಿಡುತ್ತಾರೆ, ನಡೆಯದೆ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿಗೆ ಇನ್ನೂ ಜಾಸ್ತಿ ಗಾಳಿ ಬೇಕು, ಏದುಸಿರು ಇನ್ನೂ ಬೇಗ ಬರುತ್ತದೆ, ಆಮೇಲೆ ಅಂಗಳಕ್ಕೂ ಇಳಿಯುವುದಿಲ್ಲ. ಈ ಸುಳಿಯನ್ನು ಉಲ್ಟಾ ತಿರುಗಿಸುವುದು ಈ ಚಿಕಿತ್ಸೆ. ಶ್ವಾಸಕೋಶ ಹಾಗೇ ಇರುತ್ತದೆ, ಆದರೂ ಮನುಷ್ಯ ಹೆಚ್ಚು ನಡೆಯುತ್ತಾನೆ. 2015ರಲ್ಲಿ ಇದರ ಬಗ್ಗೆ 65 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ ಪರಿಶೀಲನೆ ಎಷ್ಟು ಖಚಿತವಾಗಿ ಮಾತಾಡಿತೆಂದರೆ, ಇದು ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಲು ಇನ್ನು ಹೊಸ ಪ್ರಯೋಗ ಬೇಕಿಲ್ಲ ಅಂತಲೇ ಅದರ ಜೊತೆ ಬರೆದರು. ಇಷ್ಟು ಸಾಬೀತಾದದ್ದು ನಮ್ಮಲ್ಲಿ ಎಷ್ಟು ಕಡೆ ಸಿಗುತ್ತದೆ? ನಮಗೆ ವಾರಕ್ಕೆ ಎರಡು ದಿನ ಎಪ್ಪತ್ತು ಕಿಲೋಮೀಟರ್ ಬಸ್ಸು.

ಆ ಫಿಸಿಯೋಥೆರಪಿ ಕೋಣೆಯಲ್ಲಿ ನಡೆದದ್ದು ನಾನು ಮರೆಯುವುದಿಲ್ಲ. ಫಿಸಿಯೋ ಹುಡುಗ ಅಮ್ಮನಿಗೆ ತುಟಿ ಚೂಪು ಮಾಡಿ ಉಸಿರು ಬಿಡುವುದನ್ನು ಹೇಳಿಕೊಡುತ್ತಿದ್ದ. ಮೂಗಿನಿಂದ ಎಳೆದುಕೊಂಡು, ತುಟಿ ಸಣ್ಣ ಮಾಡಿ, ಎಳೆದುಕೊಂಡ ಹೊತ್ತಿನ ಎರಡರಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ಹೀಗೆ ಬಿಟ್ಟರೆ ಹೊರಗೆ ಹೋಗುವ ಗಾಳಿಗೆ ಬಾಯಲ್ಲಿ ಸ್ವಲ್ಪ ತಡೆ ಸಿಗುತ್ತದೆ, ಆ ಒತ್ತಡಕ್ಕೆ ಒಳಗಿನ ಸಣ್ಣ ಕೊಳವೆಗಳು ಮುಚ್ಚಿಕೊಳ್ಳದೆ ತೆರೆದಿರುತ್ತವೆ, ಸಿಕ್ಕಿಬಿದ್ದ ಗಾಳಿ ಹೊರಗೆ ಬರುತ್ತದೆ. ಅವನು ಹುಟ್ಟುಹಬ್ಬದ ಮೇಣದಬತ್ತಿ ಆರಿಸುವ ಹಾಗೆ ಅಂದ. ಅಮ್ಮ ಯಾವತ್ತೂ ಮೇಣದಬತ್ತಿ ಆರಿಸಿದವಳಲ್ಲ, ದೀಪ ಊದಿ ಆರಿಸಬಾರದು ಅನ್ನುವ ಮನೆ ನಮ್ಮದು. ಬಿಸಿ ಕಾಫಿ ಆರಿಸುವ ಹಾಗೆ ಅಂದ. ಅದೂ ಸರಿಬರಲಿಲ್ಲ, ಫೂ ಅಂತ ಒಮ್ಮೆಲೇ ಬಿಟ್ಟಳು. ಆಮೇಲೆ ನಾನು, "ಅಮ್ಮ, ಒಲೆ ಊದ್ತೀಯಲ್ಲ, ಕೆಂಡ ಮಾತ್ರ ಇದೆ, ಬೂದಿ ಹಾರಬಾರದು, ಹಾಗೆ" ಅಂದೆ.

ಅವಳ ತುಟಿ ತಾನಾಗಿಯೇ ಆ ಆಕಾರಕ್ಕೆ ಬಂತು. ಕೈ ಕೂಡ ಸ್ವಲ್ಪ ಮೇಲೆ ಎದ್ದಿತು, ಕೊಳವೆ ಹಿಡಿದ ಹಾಗೆ. ಕಣ್ಣು ಅರ್ಧ ಮುಚ್ಚಿ, ಉದ್ದಕ್ಕೆ, ಒಂದೇ ಸಮ ಬಿಟ್ಟಳು. ಹುಡುಗ "ಇದೇ! ಇದೇ!" ಅಂದ. ನನಗೆ ಗಂಟಲು ಕಟ್ಟಿತು. ಅವಳ ಉಸಿರು ತಿಂದ ಕೆಲಸವೇ ಅವಳಿಗೆ ಉಸಿರು ಬಿಡುವುದನ್ನು ಕಲಿಸಿಕೊಟ್ಟಿತ್ತು.

ಎಂಟು ವಾರ ಹೋದೆವು. ಶುರುವಿನಲ್ಲಿ ಆರು ನಿಮಿಷದಲ್ಲಿ 270 ಮೀಟರ್ ನಡೆದಿದ್ದಳು, ಕೊನೆಗೆ 325. ಐವತ್ತೈದು ಮೀಟರ್ ಅಂದರೆ ನಮ್ಮ ಮನೆಯಿಂದ ಬಾವಿಕಟ್ಟೆಗೆ ಹೋಗಿ ಬರುವಷ್ಟು.

ಈ ಕಾಯಿಲೆಯಲ್ಲಿ ಭಯ ಪಡಬೇಕಾದದ್ದು ಉಲ್ಬಣ. ನೆಗಡಿ ಜ್ವರದಿಂದ ಶುರುವಾಗಿ ಎರಡು ದಿನದಲ್ಲಿ ಕಫದ ಬಣ್ಣ ಬದಲಾಗಿ, ಮಾತಾಡಲೂ ಆಗದ ಸ್ಥಿತಿ. ಪ್ರತಿ ಸಲ ಹೀಗಾದಾಗ ಶ್ವಾಸಕೋಶ ಸ್ವಲ್ಪ ಕಳೆದುಕೊಳ್ಳುತ್ತದೆ, ಎಷ್ಟೋ ಜನರಿಗೆ ಅದು ವಾಪಸ್ ಬರುವುದಿಲ್ಲ. ಅದಕ್ಕೇ ಪ್ರತಿ ವರ್ಷ ಫ್ಲೂ ಲಸಿಕೆ, ಅದರ ಜೊತೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ, ಇದು ವರ್ಷ ವರ್ಷ ಬೇಕಿಲ್ಲ. ಉಲ್ಬಣವಾದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ಮೊದಲೆಲ್ಲ ಎರಡು ವಾರ ಕೊಡುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗ ಐದು ದಿನವೇ ಸಾಕು ಅಂತ 2013ರಲ್ಲಿ ತೋರಿಸಿತು. ಸಕ್ಕರೆ ಕಾಯಿಲೆ, ಮೂಳೆ ಸವೆತ ಇರುವ ನಮ್ಮ ಹಿರಿಯರಿಗೆ ಆ ಒಂಬತ್ತು ದಿನದ ಉಳಿತಾಯ ತುಂಬಾ ದೊಡ್ಡದು.

ಆಕ್ಸಿಜನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಹೇಳಲು ನನಗೆ ಕಷ್ಟವಾಗುತ್ತದೆ. ನಮ್ಮ ದೊಡ್ಡಪ್ಪ ಬೀಡಿ ಸೇದುತ್ತಿದ್ದವರು. ಅವರಿಗೆ ಇದೇ ಕಾಯಿಲೆ, ತೀರಾ ಮುಂದುವರಿದಿತ್ತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ನಾನು ಅವರ ಪಕ್ಕ ಇದ್ದೆ. ಆಕ್ಸಿಮೀಟರ್ 89 ತೋರಿಸುತ್ತಿತ್ತು, ಅವರು ಏದುಸಿರು ಬಿಡುತ್ತಿದ್ದರು. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗೆ ಇಳಿದರೆ ಅಪಾಯ ಅಂತ ನಾವೆಲ್ಲ ಕಲಿತಿದ್ದೆವಲ್ಲ, ನಾನು ನಾಬ್ ತಿರುಗಿಸಿ ಆಕ್ಸಿಜನ್ ಜಾಸ್ತಿ ಮಾಡಿದೆ. ಅಂಕಿ 97ಕ್ಕೆ ಏರಿತು. ನನಗೆ ಸಮಾಧಾನ. ಮುಕ್ಕಾಲು ಗಂಟೆಯಲ್ಲಿ ಅವರು ಮಂಪರಿಗೆ ಜಾರಿದರು, ಕರೆದರೆ ಓಗೊಡುತ್ತಿರಲಿಲ್ಲ. ನರ್ಸ್ ಓಡಿ ಬಂದು ನಾಬ್ ಇಳಿಸಿದರು, ಡಾಕ್ಟರನ್ನು ಕರೆದರು, ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದರು, ಬೆಳಗಿನ ಜಾವಕ್ಕೆ ಕಣ್ಣು ಬಿಟ್ಟರು. ಈ ಕಾಯಿಲೆಯ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಪ್ರಜ್ಞೆ ತಪ್ಪುತ್ತದೆ. ಅವರಿಗೆ ಗುರಿ 88ರಿಂದ 92. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್‌ನಲ್ಲೇ ಹೀಗೆ ಅಳೆದು ಕೊಟ್ಟು ನೋಡಿದರು. ಧಾರಾಳವಾಗಿ ಕೊಟ್ಟವರಿಗೆ ಹೋಲಿಸಿದರೆ ಸಾವು ಅರ್ಧಕ್ಕೂ ಕೆಳಗೆ ಇಳಿಯಿತು, 2010ರಲ್ಲಿ ಪ್ರಕಟವಾಯಿತು. ದಯವಿಟ್ಟು ಆ ನಾಬ್ ಮುಟ್ಟಬೇಡಿ. ಎಷ್ಟೇ ಪ್ರೀತಿ ಇದ್ದರೂ ಕೇಳದೆ ಮುಟ್ಟಬೇಡಿ.

ಹಾಗಂತ ಆಕ್ಸಿಜನ್ ಕೆಟ್ಟದ್ದಲ್ಲ. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ, ಅಂದರೆ 88 ಅಥವಾ ಅದಕ್ಕಿಂತ ಕೆಳಗೇ ಇರುವವರು ಮನೆಯಲ್ಲಿ ದಿನಕ್ಕೆ ಕನಿಷ್ಠ ಹದಿನೈದು ಗಂಟೆ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಅಂತ ಅಮೆರಿಕ ಮತ್ತು ಬ್ರಿಟನ್ನಿನ ಎರಡು ಪ್ರಯೋಗಗಳು 1980 ಮತ್ತು 1981ರಲ್ಲೇ ತೋರಿಸಿದವು. ಸ್ವಲ್ಪ ಮಾತ್ರ ಕಡಿಮೆ ಇರುವವರಿಗೆ ಅಂಥ ಲಾಭವಿಲ್ಲ ಅಂತ 2016ರಲ್ಲಿ ಗೊತ್ತಾಯಿತು. ಕೋವಿಡ್ ಆದ ಮೇಲೆ ಎಷ್ಟೋ ಮನೆಗಳಲ್ಲಿ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಕಾನ್ಸನ್‌ಟ್ರೇಟರ್ ಇದೆ, ಸುಸ್ತಾದಾಗ ಅರ್ಧ ಗಂಟೆ ಹಾಕಿಕೊಳ್ಳುತ್ತಾರೆ. ಬೇಕಾದವರಿಗೆ ಅರ್ಧ ಗಂಟೆ ಸಾಲದು, ಬೇಡದವರಿಗೆ ಅದೂ ಬೇಡ.

ಇತ್ತೀಚೆಗೆ ಹೊಸ ಔಷಧಿಗಳ ಸುದ್ದಿ ಒಂದರ ಹಿಂದೆ ಒಂದು ಬರುತ್ತಿದೆ. 2024ರಲ್ಲಿ ಯುರೋಪ್ ಮತ್ತು ಅಮೆರಿಕ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ನಿಗೆ ಸಿಒಪಿಡಿಯಲ್ಲಿ ಒಪ್ಪಿಗೆ ಕೊಟ್ಟವು. ಎರಡು ವಾರಕ್ಕೊಮ್ಮೆ ಚರ್ಮದ ಕೆಳಗೆ. ಈ ಕಾಯಿಲೆಗೆ ಬಂದ ಮೊದಲ ಜೈವಿಕ ಔಷಧಿ, ಅಂದರೆ ಜೀವಕೋಶಗಳಲ್ಲಿ ತಯಾರಿಸುವ ಔಷಧಿ ಅದು. ಮೂರು ಔಷಧಿ ತೆಗೆದುಕೊಂಡೂ ಉಲ್ಬಣ ನಿಲ್ಲದ, ಇಸಿನೋಫಿಲ್ 300 ಅಥವಾ ಜಾಸ್ತಿ ಇರುವವರಲ್ಲಿ ಉಲ್ಬಣ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಅದೇ ವರ್ಷ ಎನ್ಸಿಫೆಂಟ್ರಿನ್ ಅಂತ ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡುವ ನೆಬ್ಯುಲೈಸರಿನಲ್ಲಿ ಎಳೆಯುವ ಬೇರೆಯೇ ಬಗೆಯ ಔಷಧಿಗೆ ಅಮೆರಿಕ ಒಪ್ಪಿತು. 2025ರಲ್ಲಿ ಮೆಪೊಲಿಝುಮ್ಯಾಬ್ ಎಂಬ ಇನ್ನೊಂದು ಜೈವಿಕ ಔಷಧಿಗೆ. ಶ್ವಾಸಕೋಶದ ತೀರಾ ಹಾಳಾದ ಭಾಗಕ್ಕೆ ಗಾಳಿ ಹೋಗದ ಹಾಗೆ ಪುಟ್ಟ ಕವಾಟ ಕೂರಿಸಿ, ಉಳಿದ ಒಳ್ಳೆಯ ಭಾಗಕ್ಕೆ ಜಾಗ ಮಾಡಿಕೊಡುವ ವಿಧಾನ 2018ರಿಂದ ಅಮೆರಿಕದಲ್ಲಿ ಒಪ್ಪಿತವಾಗಿದೆ, ಎದೆ ಕೊಯ್ಯಬೇಕಿಲ್ಲ.

ಡುಪಿಲುಮ್ಯಾಬ್ ಸುದ್ದಿ ಓದಿದ ದಿನ ಅದನ್ನು ನಾನು ವೈದ್ಯೆಗೆ ಕಳಿಸಿದ್ದೆ. "ನಿಮ್ಮ ಅಮ್ಮನ ಇಸಿನೋಫಿಲ್ ಕಡಿಮೆ, ಅವರಿಗಲ್ಲ ಇದು" ಅಂತ ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ಅವರಿಗೆ ಬೇಕಿದ್ದ ಔಷಧಿ ಹತ್ತು ವರ್ಷದ ಹಿಂದೆಯೂ ಅಂಗಡಿಯಲ್ಲಿತ್ತು."

ಅದು ನನ್ನನ್ನು ಬಿಡುತ್ತಿಲ್ಲ. ಕೆನಡಾದಲ್ಲಿ ಮನೆಮನೆಗೆ ಫೋನ್ ಮಾಡಿ, ಕೆಮ್ಮು ಏದುಸಿರು ಇದ್ದೂ ಯಾರೂ ಪತ್ತೆ ಮಾಡದ ಅಸ್ತಮಾ, ಸಿಒಪಿಡಿ ರೋಗಿಗಳನ್ನು ಹುಡುಕಿ, 508 ಜನರ ಮೇಲೆ ಪ್ರಯೋಗ ಮಾಡಿದರು. ಶ್ವಾಸಕೋಶದ ತಜ್ಞರ ಚಿಕಿತ್ಸೆ ಸಿಕ್ಕವರು ಉಸಿರಿನ ತೊಂದರೆಗೆ ಆಸ್ಪತ್ರೆ ಅಲೆಯುವುದು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿಯಿತು. 2024ರಲ್ಲಿ ಬಂದ ವರದಿ. ಹೊಸ ಔಷಧಿ ಏನೂ ಇರಲಿಲ್ಲ, ಹುಡುಕಿ ಸರಿಯಾಗಿ ಚಿಕಿತ್ಸೆ ಕೊಟ್ಟದ್ದಷ್ಟೇ. ಅಲ್ಲಿ ಫೋನ್ ಮಾಡಿ ಹುಡುಕಿದರು. ನಮ್ಮಲ್ಲಿ ಆಶಾ ಕಾರ್ಯಕರ್ತೆ ಬಿಪಿ, ಶುಗರ್ ಕೇಳಿಕೊಂಡು ಹೋಗುತ್ತಾರೆ. ಅದರ ಜೊತೆ ಒಲೆಯ ಎರಡು ಪ್ರಶ್ನೆ ಕೇಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ಊದಿಸಿ ನೋಡಿದರೆ ಎಷ್ಟು ಅಮ್ಮಂದಿರ ಏಳೇಳು ವರ್ಷ ಉಳಿಯುತ್ತಿತ್ತು.

ಒಲೆಯದ್ದೂ ಇದೇ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುಮಾಡಿದ ಅಸ್ತ್ರ ಎಂಬ ಕೇಂದ್ರದಿಂದ ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆ ಬಂತು. ನಮ್ಮ ಊರಲ್ಲೂ ಎರಡು ಮೂರು ಮನೆಯವರು ಹಾಕಿಸಿದ್ದರು. ನಮ್ಮ ಮನೆಗೆ ಬರಲಿಲ್ಲ, ಕೆಡವಿ ಕಟ್ಟುವ ಖರ್ಚು ಅಂತ ಅಜ್ಜ ಬೇಡ ಅಂದರಂತೆ. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೇಯಲ್ಲಿ ಒಲೆಗೆ ಹೊಗೆಕೊಳವೆ ಹಾಕಿಸಿಕೊಂಡ ಮನೆಗಳ ಗಂಡಸರಲ್ಲೂ ಹೆಂಗಸರಲ್ಲೂ ಸಿಒಪಿಡಿ ಕಡಿಮೆಯಾದದ್ದು 2005ರಲ್ಲಿ ವರದಿಯಾಗಿದೆ. ಒಂದು ಕೊಳವೆ, ಅಷ್ಟೇ. ಈಗ ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲಿಗೆ, ಅಡಿಕೆಗೆ, ದನದ ಬಾಯಾರಿಗೆ ಸೌದೆಯೇ. ನಾವೂ ಹೋದ ವರ್ಷವೇ ಬಚ್ಚಲಿಗೆ ಸೋಲಾರ್ ಹಾಕಿಸಿದ್ದು, ಮಳೆಗಾಲಕ್ಕೆ ಗೀಸರ್.

ಮೊನ್ನೆ ಊರಿಗೆ ಹೋದಾಗ ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದೆ. ಕೆಳಗಿನ ಮನೆಯ ಅಕ್ಕ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಅವರಿಗೆ ಐವತ್ತೆಂಟು ಇರಬಹುದು. ಮೆಟ್ಟಿಲು ಹತ್ತಿ ಬಂದು ಕಂಬ ಹಿಡಿದು ನಿಂತರು, ಮಾತು ಶುರುಮಾಡಲು ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಹೆಪ್ಪು ತರಲು ಏಳಲಿಲ್ಲ. ಅವರನ್ನೇ ನೋಡುತ್ತಿದ್ದಳು.

"ನಿಂಗೆ ಮದುವೆ ಆಗಿ ಎಷ್ಟು ವರ್ಷ ಆಯ್ತೇ?" ಅಂದಳು.

"ಮೂವತ್ತೆಂಟು. ಯಾಕೆ?"

"ಒಲೆ ಮುಂದೆ ದಿನಕ್ಕೆ ಎಷ್ಟು ಹೊತ್ತು?"

ಅಕ್ಕ ನಕ್ಕು, ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ ಅಂದರು. ಅಮ್ಮ ನಗಲಿಲ್ಲ. ಬೆರಳು ಮಡಚಿ ಗುಣಿಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಬುಧವಾರ ಶಿವಮೊಗ್ಗಕ್ಕೆ ಏಳೂವರೆಯ ಬಸ್ಸು ಈಗಲೂ ಇದೆಯೋ ನೋಡು, ಇಬ್ಬರಿಗೂ ಸೀಟು ಸಿಗುತ್ತೋ ಕೇಳು ಅಂದಳು.